ಓದದೆ ಸಹಿ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲು ಖಾಲಿ ಇದೆ. ಹಿಂದೆ ನಿಂತಿರುವ ಅಕ್ಕಂದಿರು ದಯವಿಟ್ಟು ಬನ್ನಿ, ಕೂತುಕೊಳ್ಳಿ. ನಿಮಗೇ ಹಾಕಿಸಿದ ಕುರ್ಚಿಗಳು.

ಈಗಿನ ಗ್ರಾಮ ಪಂಚಾಯಿತಿಗೆ ಮುಂಚೆ ಇದ್ದ ಮಂಡಲ ಪಂಚಾಯಿತಿ ಕಾಲ ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡ ನಜೀರ್ ಸಾಬ್ ಆಗ ಮಂತ್ರಿ. 1987ರ ಆ ಚುನಾವಣೆಯಲ್ಲೇ ನಮ್ಮಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಸಿಕ್ಕಿತ್ತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಬಂದಿದ್ದು 1993ರಲ್ಲಿ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಹಳ್ಳಿಯಲ್ಲಿ ಕುರ್ಚಿ ಬಂತು. ಪೆನ್ನು ಯಾರ ಕೈಯಲ್ಲಿದೆ, ಅದನ್ನು ಕೇಳೋಕೆ ನಾನು ಇವತ್ತು ಬಂದಿದ್ದೇನೆ.

ಪಂಚಾಯಿತಿ ಸದಸ್ಯೆಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಒಂದು ಊರಿಗೆ ಹೋಗಿದ್ದೆ, ಹೆಸರು ಬೇಡ. ಅಧ್ಯಕ್ಷೆಯ ಕುರ್ಚಿಗೆ ಬಿಳಿ ಟವೆಲ್ ಹೊದಿಸಿತ್ತು. ಅದರಲ್ಲಿ ಕೂತಿದ್ದವರು ಅವರ ಯಜಮಾನರು. ಊರವರೂ ಅವರನ್ನೇ "ಅಧ್ಯಕ್ಷರೇ" ಅನ್ನುತ್ತಿದ್ದರು. ಗೋಡೆ ಮೇಲೆ ಹೆಸರು ಹೆಂಡತಿಯದು, ಪಕ್ಕದಲ್ಲಿ ಮೊಬೈಲ್ ನಂಬರ್ ಗಂಡನದು. ಅಧ್ಯಕ್ಷೆ ಮನೆ ಹಿತ್ತಲಲ್ಲಿ ಹಸುವಿಗೆ ಹಿಂಡಿ ಕಲಸುತ್ತಿದ್ದರು. ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕ ಅಲ್ಲಿಗೇ ಬರುತ್ತಿತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಮತ್ತೆ ಹಿಂಡಿಗೆ ಕೈ ಹಾಕುತ್ತಿದ್ದರು.

ತರಬೇತಿಯಲ್ಲಿ ನಾನು ಅವರಿಗೆ ಹೇಳಿದ್ದು ಒಂದೇ ಮಾತು. ಓದದೆ ಸಹಿ ಹಾಕಬೇಡಿ. "ಆರನೇ ಕ್ಲಾಸಿಗೇ ಶಾಲೆ ಬಿಟ್ಟೆ ಮೇಡಂ, ಕೂಡಿಸಿ ಬರೆದಿದ್ರೆ ನಂಗೆ ಓದೋಕಾಗಲ್ಲ" ಅಂದರು. "ಮಗಳು ಹೈಸ್ಕೂಲಲ್ಲಿ ಇದ್ದಾಳಲ್ವಾ, ಅವಳ ಕೈಲಿ ಓದಿಸಿ" ಅಂದೆ.

ಮುಂದಿನ ಸಲ ಪುಸ್ತಕ ಬಂದಾಗ ಮಗಳನ್ನು ಜಗಲಿ ಮೇಲೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದರಂತೆ. ಹುಡುಗಿ ಎರಡು ಪುಟ ಓದಿ ನಿಲ್ಲಿಸಿದಳು. "ಅಮ್ಮಾ, ಇಲ್ಲಿ ಏನೂ ಬರೆದಿಲ್ಲ. ಕೆಳಗೆ ನಿನ್ನ ಸಹಿಗೆ ಪೆನ್ಸಿಲ್ ಗುರುತು ಮಾತ್ರ ಇದೆ." ಅಧ್ಯಕ್ಷೆ ಪುಸ್ತಕ ಮುಚ್ಚಿದರು. "ಬರ್ಕೊಂಡು ಬನ್ನಿ, ಆಮೇಲೆ ಹಾಕ್ತೀನಿ" ಅಂದರು. ಪುಸ್ತಕ ತಂದವರು ಹೋಗಲಿಲ್ಲ, ನಿಂತೇ ಇದ್ದರು. ಪಾಪ, ಅವರಿಗೆ ಟೀ ಕೊಟ್ಟು ಕಳಿಸಿದರಂತೆ!

ಮುಂದಿನ ಸಭೆಗೆ ಅವರೇ ಹೋದರು. ಯಜಮಾನರು ಎದ್ದು ಬೆಂಚಿಗೆ ಹೋದರು. ಇವರು ಆ ಟವೆಲ್ ತೆಗೆದು, ಮಡಚಿ ಮೇಜಿನ ಮೇಲಿಟ್ಟು, ಕೂತರು. ಮೊದಲು ಕೇಳಿದ್ದು ಮೇಲಿನ ಕೇರಿಯ ನೀರಿನ ಮೋಟರ್ ವಿಷಯ. ಕೆಟ್ಟು ಎರಡು ತಿಂಗಳಾದರೂ ಅದು ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಆ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ದಿನಾ ಹೋಗುತ್ತಿದ್ದದ್ದು ಇವರ ಮನೆ ಮುಂದೆಯೇ.

ಇದು ಒಂದೂರಿನ ಕಥೆ ಅಂತ ಸುಮ್ನೆ ಬಿಡಬೇಡಿ. ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರದ ಪಂಚಾಯಿತಿಗಳನ್ನು ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೋ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು.

ಈಗ ಮೇಲಕ್ಕೆ ನೋಡಿ. 1972ರಲ್ಲೇ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದ ನಾಡು ನಮ್ಮದು. 2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10. ಮರುವರ್ಷ ಲೋಕಸಭೆಗೆ 28ರಲ್ಲಿ 3. ಟಿಕೆಟ್ ಕೇಳಿದರೆ "ಅನುಭವ ಇರುವವರು ಎಲ್ಲಿದ್ದಾರೆ?" ಅನ್ನುತ್ತಾರೆ. ಅನುಭವ ಬರುವುದು ತಾಲ್ಲೂಕು, ಜಿಲ್ಲಾ ಪಂಚಾಯಿತಿಯಲ್ಲಿ. 2021ರಲ್ಲಿ ಅವುಗಳ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಅಲ್ಲೂ ಅರ್ಧ ಸ್ಥಾನ ನಮ್ಮದಿತ್ತು. ಏಣಿಯ ನಡುವಿನ ಮೆಟ್ಟಿಲು ಕಿತ್ತು, ಹತ್ತಿ ಬಾ ಅಂದರೆ ಹೇಗೆ?

ಶಾಸನಸಭೆಗಳಲ್ಲಿ ಮೂರನೇ ಒಂದು ಪಾಲು ಕೊಡುವ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ 454 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದದ್ದು 2. ಎಲ್ಲರೂ ಸಿಹಿ ಹಂಚಿದರು, ನಾನೂ ತಿಂದೆ. ಆದರೆ ಮೊದಲು ಜನಗಣತಿ, ಆಮೇಲೆ ಕ್ಷೇತ್ರ ಮರುವಿಂಗಡಣೆ, ಅದಾದ ಮೇಲೆ ಮೀಸಲಾತಿ ಅಂತ ಅದರಲ್ಲೇ ಬರೆದಿತ್ತು. ಅದಕ್ಕೇ ಮತ್ತೆ ಹೇಳುತ್ತೇನೆ, ಕೊನೆಯ ಕಲಮಿನವರೆಗೂ ಓದಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಗೌರವಧನದ ವಿಷಯ ಇನ್ನೊಂದು ದಿನ ಮಾತಾಡೋಣ. ವಾರ್ಡಿನ ಮೀಸಲಾತಿ ಬದಲಾದರೆ ಮನೆಗೆ ಹೋಗಬೇಡಿ. ಸಾಮಾನ್ಯ ಸ್ಥಾನದಲ್ಲಿ ಹೆಂಗಸರು ನಿಲ್ಲಬಾರದು ಅಂತ ಯಾವ ಕಾನೂನಿನಲ್ಲೂ ಇಲ್ಲ.

ಇವತ್ತು ಊರಿಗೆ ಹೋದ ಕೂಡಲೇ ಪಂಚಾಯಿತಿ ಗೋಡೆ ನೋಡಿ. ನಿಮ್ಮ ಹೆಸರಿನ ಪಕ್ಕದಲ್ಲಿ ಯಾರ ನಂಬರ್ ಇದೆ? ನಿಮ್ಮದಲ್ಲದಿದ್ದರೆ ನಾಳೆಯೇ ಪೇಂಟರ್‌ಗೆ ಹೇಳಿ ಕಳಿಸಿ. ಫೋನ್ ಬಂದರೆ ನೀವೇ ಎತ್ತಿ. ನಮಸ್ಕಾರ.