ಮೂರು ಬೆರಳಿನ ರಟ್ಟೆ

ಕೇಳುಗರಿಗೆ ನಮಸ್ಕಾರ. ರೇಡಿಯೊದ ಹತ್ತಿರ ಕುಳಿತವರು ಒಮ್ಮೆ ಬಲಗೈ ಮಡಚಿ. ಮುಷ್ಟಿ ಬಿಗಿಯಿರಲಿ, ಮೊಣಕೈ ಮೂಲೆಮಟ್ಟದ ಹಾಗೆ ಲಂಬಕೋನಕ್ಕೆ ಬರಲಿ. ರಟ್ಟೆ ಉಬ್ಬಿತಲ್ಲ? ಆ ಉಬ್ಬು ಮುಗಿಯುವಲ್ಲಿಂದ ಮೊಣಕೈಯ ಮಡಿಕೆಯವರೆಗೆ ಎಡಗೈಯ ಬೆರಳುಗಳನ್ನು ಅಡ್ಡಲಾಗಿಡಿ. ಕೆಲವರಿಗೆ ಒಂದೇ ಬೆರಳು ಹಿಡಿಸುತ್ತದೆ, ಕೆಲವರಿಗೆ ಮೂರು. ಒಂದು ಬೆರಳಿನವರ ಸ್ನಾಯು ಉದ್ದ, ಹಾಗಾಗಿ ತೋಳು ತುಂಬಿದಂತೆ ಕಾಣುತ್ತದೆ. ಮೂರು ಬೆರಳಿನವರ ಸ್ನಾಯು ಗಿಡ್ಡ, ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಉದ್ದ. ಎಷ್ಟು ಭಾರ ಎತ್ತಿದರೂ ಆ ಜಾಗ ತುಂಬುವುದಿಲ್ಲ. ಮೀನಖಂಡದ ಕತೆಯೂ ಇದೇ. ಹುಟ್ಟುವಾಗಲೇ ತಂದದ್ದು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಹನ್ನೆರಡು ವರ್ಷಗಳಿಂದ ಹುಡುಗರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಒಮ್ಮೆ ಅಣ್ಣತಮ್ಮಂದಿರ ಮಕ್ಕಳಿಬ್ಬರು ಒಂದೇ ದಿನ ಬಂದು ಸೇರಿದರು. ಒಂದೇ ಅಡುಗೆಮನೆಯ ಗಂಜಿ, ಒಂದೇ ಮೀನುಸಾರು, ಒಂದೇ ಡಂಬೆಲ್. ಆರು ತಿಂಗಳಲ್ಲಿ ಒಬ್ಬನ ಅಂಗಿಯ ತೋಳಿನ ಹೊಲಿಗೆ ಬಿಟ್ಟಿತು. ಇನ್ನೊಬ್ಬನ ಟೇಪು ಕಾಲಿಂಚು ಸರಿಯಿತು, ಅಷ್ಟೆ. ಎಲ್ಲರೂ ಹೋದ ಮೇಲೆ ಅವನು ಟೇಪು ಸುತ್ತುತ್ತಾ ಕೇಳಿದ: "ನಾನು ಎಲ್ಲಿ ತಪ್ಪಿದೆ ಸರ್?"

ಅವನು ಎಲ್ಲೂ ತಪ್ಪಿರಲಿಲ್ಲ. 2005ರಲ್ಲಿ ಅಮೆರಿಕದ ಸಂಶೋಧಕರು 585 ಜನರ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎಲ್ಲರಿಗೂ 12 ವಾರ, ಒಂದೇ ಕೈಗೆ, ಒಂದೇ ಬಗೆಯ ವ್ಯಾಯಾಮ. ಕೊನೆಗೆ ಅಳೆದಾಗ ಕೆಲವರ ಸ್ನಾಯು ಒಂದಿಷ್ಟೂ ಬೆಳೆದಿರಲಿಲ್ಲ, ಶೇಕಡಾ 2ರಷ್ಟು ಇಳಿದವರೂ ಇದ್ದರು. ಇನ್ನೊಂದು ತುದಿಯಲ್ಲಿದ್ದವರಿಗೆ ಶೇಕಡಾ 59ರಷ್ಟು ಬೆಳೆದಿತ್ತು. ಜಿಮ್ಮಿನ ಗೋಡೆಗೆ ಅಂಟಿಸಿದ ಚಿತ್ರಗಳಲ್ಲಿ ಕಾಣುವುದು ಈ ಎರಡನೆಯ ತುದಿಯವರು ಮಾತ್ರ. ನಮ್ಮ ಹುಡುಗರ ಸಂಕಟ ಶುರುವಾಗುವುದು ಅಲ್ಲಿಂದಲೇ.

ಈ ವ್ಯತ್ಯಾಸ ಎಲ್ಲಿಂದ? ಸ್ನಾಯುವಿನ ಎಳೆಗಳಿಗೆ ಒತ್ತಿಕೊಂಡು ಉಪಗ್ರಹ ಕೋಶಗಳು ಎಂಬ ಪುಟ್ಟ ಕೋಶಗಳಿರುತ್ತವೆ. ಭಾರ ಎತ್ತಿ ಎಳೆ ದಣಿದಾಗ ಇವು ಎಚ್ಚೆತ್ತು, ಎರಡಾಗಿ, ಎಳೆಯೊಳಗೆ ಸೇರಿ ಹೊಸ ಕೋಶಕೇಂದ್ರಗಳನ್ನು ಕೊಡುತ್ತವೆ. ಚೆನ್ನಾಗಿ ಬೆಳೆದವರಲ್ಲಿ ಈ ಕೋಶಗಳು ಮೊದಲೇ ಹೆಚ್ಚಿದ್ದವು ಎಂದು 2008ರ ಇನ್ನೊಂದು ಅಧ್ಯಯನ ತೋರಿಸಿತು. ಮನೆ ಕಟ್ಟಲು ಹೊರಟಾಗ ಒಬ್ಬನ ಅಂಗಳದಲ್ಲಿ ಕಲ್ಲು ರಾಶಿ ಬಿದ್ದಿದೆ, ಇನ್ನೊಬ್ಬ ಒಂದೊಂದೇ ಕಲ್ಲು ಹೊತ್ತು ತರಬೇಕು.

ಇನ್ನೊಂದು ಮಯೋಸ್ಟಾಟಿನ್. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಪ್ರೋಟೀನು ಅದು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಈ ಪ್ರೋಟೀನು ಕೊಡುವ ವಂಶವಾಹಿಯನ್ನು ತೆಗೆದ ಇಲಿಗಳ ಸ್ನಾಯು ಎರಡು ಮೂರು ಪಟ್ಟು ಬೆಳೆಯಿತು. ಬೆಲ್ಜಿಯನ್ ಬ್ಲೂ ಎಂಬ ದನಗಳಲ್ಲಿ ಈ ವಂಶವಾಹಿ ತಾನಾಗಿಯೇ ಕೆಟ್ಟಿದೆ. ಅದರ ಹೋರಿ ಸಾವಿರ ಕಿಲೋ ದಾಟುತ್ತದೆ, ತೊಡೆಗಳು ಬಂಡೆಯ ಹಾಗೆ. ನಮ್ಮ ಕಾಸರಗೋಡು ಗಿಡ್ಡ ದನಕ್ಕೆ ಎಷ್ಟು ಹಿಂಡಿ ಹಾಕಿದರೂ ಅದು ಬೆಲ್ಜಿಯನ್ ಬ್ಲೂ ಆಗುವುದುಂಟೇ? ಹಟ್ಟಿಯಲ್ಲಿ ಯಾರೂ ಆ ಆಸೆ ಇಟ್ಟುಕೊಳ್ಳುವುದಿಲ್ಲ. ಗುಡ್ಡ ಹತ್ತಿ ಮೇಯುವ, ಮಳೆಗೂ ರೋಗಕ್ಕೂ ಜಗ್ಗದ ಗಿಡ್ಡವನ್ನು ಗಿಡ್ಡವಾಗಿಯೇ ಪ್ರೀತಿಸುತ್ತೇವೆ. ಮನೆಯ ಹುಡುಗನ ಮೈಯ ವಿಷಯದಲ್ಲಿ ಮಾತ್ರ ಈ ತಿಳಿವಳಿಕೆ ಮರೆತುಹೋಗುತ್ತದೆ.

ಹಾಗೆಂದು ಎಲ್ಲವೂ ಒಂದೇ ವಂಶವಾಹಿಯ ಕೈಯಲ್ಲಿಲ್ಲ. ವೇಗದ ವಂಶವಾಹಿ ಎಂದು ಹೆಸರಾದ ಎಸಿಟಿಎನ್3 ಕೊಡುವ ಪ್ರೋಟೀನು ಲೋಕದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇಲ್ಲವೇ ಇಲ್ಲ. ಅವರೂ ಓಡುತ್ತಾರೆ, ಭಾರ ಎತ್ತುತ್ತಾರೆ. ನೂರಾರು ವಂಶವಾಹಿಗಳು ಚೂರುಚೂರೇ ಪಾಲು ಹಾಕುತ್ತವೆ. ಜೊಲ್ಲು ಪರೀಕ್ಷೆ ಮಾಡಿ ಮಗನ ಭವಿಷ್ಯ ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಅದರ ಬದಲು ಮೊಟ್ಟೆ, ಬೂತಾಯಿ, ಹುರುಳಿ ತನ್ನಿ. ಭಾರ ಎತ್ತುವವರಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಸಾಕು.

ತಳಿಯೂ ಬೇಕು, ಆರೈಕೆಯೂ ಬೇಕು ಎಂದು ನಮ್ಮ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. 1932ರಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಅಡ್ಡತಳಿ ಮಾಡಿದ್ದು ನಮ್ಮ ನೀಲೇಶ್ವರದಲ್ಲೇ. ಅಂಥ ಸಂಕರ ತಳಿಯ ಸಸಿ ತಂದು, ಬೇಸಗೆಯಲ್ಲಿ ನೀರು ಬಿಡದೆ ಗೊನೆ ಕಾಯುತ್ತಾ ಕುಳಿತವರನ್ನು ನೀವೂ ಕಂಡಿದ್ದೀರಿ.

ಟೇಪು ಸುತ್ತುತ್ತಿದ್ದ ಆ ಹುಡುಗ ಒಂದು ಸಂಜೆ ಸ್ನಾಯು ಬೆಳೆಸುವ ಹಾರ್ಮೋನು ಇಂಜೆಕ್ಷನ್ ವಿಷಯ ಎತ್ತಿದ. ಯಾರೋ ತಂದುಕೊಡುತ್ತೇನೆ ಎಂದಿದ್ದರಂತೆ. ನಾನು ಅವನನ್ನು ಕೂರಿಸಿ ಹೇಳಿದೆ: ಹೊರಗಿನಿಂದ ಹಾರ್ಮೋನು ತುಂಬಿದರೆ ಮೈ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಇಪ್ಪತ್ತರ ಹುಡುಗರೇ, ದಯವಿಟ್ಟು ಬೇಡ. ಟೇಪನ್ನು ಕಪಾಟಿನಲ್ಲಿಟ್ಟು ಅವನಿಗೊಂದು ಪುಸ್ತಕ ಕೊಟ್ಟೆ, ಎತ್ತಿದ ಭಾರವನ್ನಷ್ಟೇ ಬರೆಯಲು. ಸ್ನಾಯು ಊದದವರಲ್ಲೂ ಬಲ ಏರುತ್ತದೆ. ಒಂದೂವರೆ ವರ್ಷದಲ್ಲಿ 58 ಕಿಲೋ ತೂಗುವ ಅವನು ನೆಲದಿಂದ 100 ಕಿಲೋ ಎತ್ತಿದ.

ಅದನ್ನು ಹೇಳಲು ಅವನ ಮನೆಗೆ ಹೋಗಿದ್ದೆ. ಚಾವಡಿಯಲ್ಲಿ ಅವನ ಅಜ್ಜ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ಮಡಚಲು ಹೇಳಿ ನನ್ನ ಬೆರಳಿಟ್ಟು ನೋಡಿದೆ. ಮೂರು ಬೆರಳು ಸಲೀಸಾಗಿ ಹಿಡಿಸಿದವು, ಮೊಮ್ಮಗನ ಕೈಯಂತೆಯೇ. ಆ ಕೈಯಲ್ಲಿ ಅವರು ನಲವತ್ತು ವರ್ಷ ಅಡಿಕೆ ಮರ ಹತ್ತಿ ಗೊನೆ ಇಳಿಸಿದ್ದರು.