ಸೆರಗು ಸಿಕ್ಕಿಸಿದ ಉಮಾಶ್ರೀ

ಕೇಳುಗರೇ, ನಮಸ್ಕಾರ.

ಕಾಫಿ ಕೊಯ್ಲಿನ ದಿನಗಳು. ಹಣ್ಣು ತೂಕಕ್ಕೆ ಹಾಕಿ, ಬಿಸಿನೀರು ಹುಯ್ದುಕೊಂಡು, ಏಳೂವರೆ ಆಗುವಷ್ಟರಲ್ಲಿ ತೋಟದ ಆಳುಗಳ ಲೈನ್ ಮನೆಯ ಹೆಂಗಸರೆಲ್ಲ ಟಿವಿ ಇರುವ ಮನೆ ಸೇರಿಬಿಡುತ್ತಿದ್ದರು. ನಟಿ ಉಮಾಶ್ರೀ ಪುಟ್ಟಕ್ಕನಾಗಿದ್ದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ಬರುವ ಹೊತ್ತು. ಲೆಕ್ಕದ ಪುಸ್ತಕ ಹಿಡಿದು ಹೋದ ನಾನೂ ಒಂದು ದಿನ ಬಾಗಿಲಲ್ಲೇ ನಿಂತೆ. ಪಿರಿಯಾಪಟ್ಟಣದ ಕಡೆಯಿಂದ ಕೊಯ್ಲಿಗೆ ಬಂದಿದ್ದ ಅಜ್ಜಿಯೊಬ್ಬರು ಹೇಳಿದರು: “ಸೆರಗು ಸಿಕ್ಕಿಸ್ಕೊಳ್ಳೋದು ನೋಡಿ ಅಕ್ಕಾ. ಬಗ್ಗಿ ಕೆಲ್ಸ ಮಾಡ್ದ ಹೆಂಗ್ಸು.”

ಅಜ್ಜಿಯ ಕಣ್ಣು ಇದ್ದದ್ದು ಮುಖದ ಮೇಲಲ್ಲ, ಕೈಯ ಮೇಲೆ. ಅವತ್ತಿನಿಂದ ನಾನೂ ಉಮಾಶ್ರೀಯವರ ಕೈಯನ್ನೇ ನೋಡತೊಡಗಿದೆ.

ತುಮಕೂರು ಜಿಲ್ಲೆಯ ನೊಣವಿನಕೆರೆಯವರು ಇವರು. 1984ರಲ್ಲಿ ಇವರು ನಟಿಸಿದ ಕಾಶೀನಾಥರ ‘ಅನುಭವ’ ಸಿನಿಮಾ ಬಂತು. ಆಮೇಲೆ ವರ್ಷಗಟ್ಟಲೆ ಹಾಸ್ಯ. ಹಾಸ್ಯನಟ ಎನ್.ಎಸ್. ರಾವ್ ಜೊತೆಗಿನ ಎರಡರ್ಥದ ಮಾತುಗಳು ಬಂದಾಗ ನಮ್ಮತ್ತೆ “ಛೀ” ಅಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಗು ಮಾತ್ರ ನಿಲ್ಲುತ್ತಿರಲಿಲ್ಲ.

ರಂಗದ ಮೇಲೆ ಇದೇ ಉಮಾಶ್ರೀ ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವ. ಕಳೆದುಹೋದ ಹುಂಜವನ್ನು ಹುಡುಕುವ ಮುದುಕಿ. ಕೋಳಿ ತಪ್ಪಿಸಿಕೊಂಡರೆ ಮನೆಯಲ್ಲಿ ಎಷ್ಟು ರಂಪ ಆಗುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾ? ಕೋಳಿ ಹುಡುಕೋದು ನೋಡುವವರಿಗೆ ನಗು ತರಿಸುವ ಕೆಲಸ. ಆದರೆ ಅದು ಬಡವರ ಮನೆಯ ಹುಂಜ. ನಗಿಸಿ ನಗಿಸಿ ಪಳಗಿದ ಕಲಾವಿದೆಗೆ, ಆ ನಗುವನ್ನು ಎಲ್ಲಿ ತಡೆದು ನಿಲ್ಲಿಸಬೇಕು ಅನ್ನೋದೂ ಗೊತ್ತಿರುತ್ತದೆ. ಹಾಸ್ಯದ ಪಾತ್ರಗಳಲ್ಲಿ ಇವರು ಹಾಳಾದರು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸಾಕವ್ವ ಗಟ್ಟಿಯಾದದ್ದೇ ಅಲ್ಲಿ ಅಂತ ನನಗನ್ನಿಸುತ್ತದೆ.

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಸಿನಿಮಾದಲ್ಲಿ ಇವರು ಗುಲಾಬಿ. ಅದಕ್ಕೆ ಮೂಲ ವೈದೇಹಿಯವರ ಕಥೆ. ಗುಲಾಬಿ ಹೆರಿಗೆ ಮಾಡಿಸುವವಳು, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಟಿವಿ ಬರುತ್ತದೆ, ಡಿಶ್ ಆಂಟೆನಾ ಏರುತ್ತದೆ. ಕುಂದಾಪುರ ಕಡೆಯ ಮೀನುಗಾರರ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ನಮ್ಮ ಲೈನ್ ಮನೆಯ ಹಾಗೇ ಅಲ್ವಾ? ಈ ಪಾತ್ರಕ್ಕೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಉಮಾಶ್ರೀ ಶ್ರೇಷ್ಠ ನಟಿಯಾದರು.

2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಗೆದ್ದು ಮಂತ್ರಿಯೂ ಆದರು. ಆ ಕಥೆ ಇವತ್ತು ಬೇಡ.

2021ರ ಡಿಸೆಂಬರ್‌ನಲ್ಲಿ ಪುಟ್ಟಕ್ಕ ಬಂದಳು. ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವವಳು. ಧಾರಾವಾಹಿ ಅಂದಮೇಲೆ ಎಳೆದಾಟ ಇದ್ದದ್ದೇ. ಒಂದು ಅಳು ಮೂರು ದಿನ ನಡೆಯುತ್ತೆ, ಸಂಗೀತವೂ ಸ್ವಲ್ಪ ಜಾಸ್ತಿ. ಆದರೆ ಪುಟ್ಟಕ್ಕ ಸುಮ್ನೆ ಒಂದು ತಟ್ಟೆಗೆ ಅನ್ನ ಬಡಿಸಲಿ, ದಿನಕ್ಕೆ ನೂರು ತಟ್ಟೆಗೆ ಬಡಿಸಿದ ಕೈ ಅದು ಅನ್ನಿಸುತ್ತದೆ.

ಅವತ್ತು ಜಾಹೀರಾತು ಬಂದ ಕೂಡಲೇ ಅಜ್ಜಿ ಎದ್ದರು. ಸೆರಗು ಸಿಕ್ಕಿಸಿಕೊಂಡು, ಒಲೆ ಮೇಲಿಟ್ಟ ಅನ್ನ ನೋಡಲು ಹೊರಟರು. ಬಾಗಿಲಲ್ಲಿ ತಿರುಗಿ, “ಅಷ್ಟ್ರಲ್ಲಿ ಶುರುವಾದ್ರೆ ಏನಾಯ್ತು ಅಂತ ನೋಡ್ಕೊಂಡಿರಿ ಅಕ್ಕಾ” ಅಂತ ನನಗೇ ಕೆಲಸ ಹಚ್ಚಿದರು. ಲೆಕ್ಕದ ಪುಸ್ತಕ ಮಡಚಿ ಅಲ್ಲೇ ಕೂತೆ.