ಅಟ್ಟದ ಮೇಲಿನ ಪಂಪ್ ಸ್ಟವ್

ಕೇಳುಗರೆಲ್ಲರಿಗೂ ನಮಸ್ಕಾರ.

2019ರ ಆಗಸ್ಟ್ ಮಳೆಯನ್ನು ನಮ್ಮ ಮೂಡಿಗೆರೆ ಕಡೆಯವರು ಯಾರೂ ಮರೆತಿಲ್ಲ. ಗುಡ್ಡ ಜಾರಿತು, ರಸ್ತೆ ಮುಚ್ಚಿತು, ಕಂಬ ಮುರಿದು ಕರೆಂಟು ಹೋಯಿತು. ನಮ್ಮ ಮನೆಯಲ್ಲಿ ಮೂರನೇ ದಿನಕ್ಕೆ ಸಿಲಿಂಡರ್ ಕೂಡ ಖಾಲಿ. ಇಂಡಕ್ಷನ್ ಒಲೆ ಇತ್ತು, ಆದರೆ ಕರೆಂಟೇ ಇಲ್ಲವಲ್ಲ? ಸೌದೆಯೆಲ್ಲ ನೆಂದು ಹೋಗಿತ್ತು. ಆಗ ಅತ್ತೆ ಅಟ್ಟದ ಕಡೆ ಕೈ ತೋರಿಸಿ, "ಆ ಪಂಪ್ ಸ್ಟವ್ ಇಳಿಸು" ಅಂದರು.

ಸೀಮೆಎಣ್ಣೆಯಲ್ಲಿ ಉರಿಯುವ ಮೂರು ಕಾಲಿನ ಹಿತ್ತಾಳೆ ಸ್ಟವ್ ಅದು. ಇಳಿಸಿ ಎಷ್ಟು ಪಂಪ್ ಹೊಡೆದರೂ ಗಾಳಿಯೇ ಹಿಡಿಯಲಿಲ್ಲ. ಅತ್ತೆ ಪಂಪಿನ ಕಡ್ಡಿ ಹೊರಗೆಳೆದು ತೋರಿಸಿದರು. ತುದಿಯಲ್ಲಿದ್ದ ಚರ್ಮದ ವಾಷರ್ ಒಣಗಿ, ಮುದುರಿ, ಕಡಲೆಕಾಯಿ ಸಿಪ್ಪೆಯ ಹಾಗಾಗಿತ್ತು. ಅದಕ್ಕೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಬೆರಳಲ್ಲಿ ನೀವಿ ನೀವಿ ಅಂಚನ್ನು ಅಗಲ ಮಾಡಿದರು. ಅರ್ಧ ಗಂಟೆಯಲ್ಲಿ ಚರ್ಮ ಮೆತ್ತಗಾಯಿತು. ಮತ್ತೆ ತೂರಿಸಿ ಒತ್ತಿದಾಗ ಕೈಗೆ ಬಿಗಿ ಸಿಕ್ಕಿತು. ಬರ್ನರ್ ಬುಡದ ಪುಟ್ಟ ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದರು. ಸ್ಪಿರಿಟ್ ಉರಿದು ಮುಗಿಯುವ ಹೊತ್ತಿಗೆ ಬರ್ನರ್ ಕಾದಿತ್ತು. ಗಾಳಿ ಬಿಡುವ ತಿರುಪು ಬಿಗಿ ಮಾಡಿ ಪಂಪ್ ಹೊಡೆದರು. ಭುಸ್ ಅಂತ ನೀಲಿ ಉರಿ ಎದ್ದಿತು. ಆ ಸದ್ದಿಗೇ ಮನೆಮಂದಿಗೆಲ್ಲ ಧೈರ್ಯ ಬಂತು.

ಅದೇ ಸೀಮೆಎಣ್ಣೆ ಬುಡ್ಡಿಯಲ್ಲಿ ಉರಿದರೆ ಹಳದಿ ಬೆಳಕು, ಮೇಲೆ ಮಸಿ. ಇಲ್ಲಿ ಹಾಗಲ್ಲ. ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರುತ್ತದೆ, ಕಾದ ಬರ್ನರಿನೊಳಗೆ ಆವಿಯಾಗುತ್ತದೆ, ಪಿನ್ನಿನ ಮೊನೆಯಷ್ಟು ತೂತಿನಿಂದ ನುಗ್ಗಿ ಗಾಳಿ ಜೊತೆ ಬೆರೆತು ಉರಿಯುತ್ತದೆ. ಈ ಬಗೆಯ ಒಲೆಗೆ ಹೆಸರು ತಂದದ್ದು ಸ್ವೀಡನ್ನಿನ ಪ್ರೈಮಸ್. 1892ರಲ್ಲಿ ಸ್ಟಾಕ್‌ಹೋಮಿನ ಲಿಂಡ್‌ಕ್ವಿಸ್ಟ್ ಎಂಬವರು ಅದನ್ನು ತಯಾರಿಸಿದರು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸನ್ ತಂಡ ಹಿಮ ಕರಗಿಸಿ ನೀರು ಕುಡಿದದ್ದು ಪ್ರೈಮಸ್ ಉರಿಯಲ್ಲೇ. ನಮ್ಮ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಸ್ಟವ್ ಅದೇ ವಂಶದ್ದು ಅಂತ ನನಗೆ ಗೊತ್ತಾದದ್ದು ಆಮೇಲೆ.

ಸೀಮೆಎಣ್ಣೆ ಮುಗಿಯಿತು, ಬೈಕಿನ ಪೆಟ್ರೋಲ್ ಹಾಕೋಣ ಅಂತ ಯಾರಾದರೂ ಅಂದರೆ ದಯವಿಟ್ಟು ತಡೆಯಿರಿ. ಸೀಮೆಎಣ್ಣೆಯ ಆವಿಗೆ ಕಿಡಿ ತಗಲಿ ಹೊತ್ತಿಕೊಳ್ಳಲು ಎಣ್ಣೆ ಸುಮಾರು 38 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬೇಕು. ಪೆಟ್ರೋಲಿಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಒಂದು ಕಿಡಿ ಸಾಕು. ಸ್ಟವ್ ಬಿಸಿಯಿರುವಾಗ ಎಣ್ಣೆ ತುಂಬಿಸುವುದೂ ಬೇಡ.

ಈಗ ರೇಷನ್ ಸೀಮೆಎಣ್ಣೆ ಬಹಳ ಕಡೆ ಸಿಗುವುದಿಲ್ಲ, ನಿಜ. ಅದರ ಬದಲು 5 ಕೆಜಿಯ ಚಿಕ್ಕ ಗ್ಯಾಸ್ ಸಿಲಿಂಡರ್ ಇಟ್ಟುಕೊಳ್ಳಬಹುದು. ಗುರುತಿನ ಚೀಟಿ ತೋರಿಸಿದರೆ ಕೆಲವು ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ. ಗಲ್ಲಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆಗೆಯಿರಿ. ಕಿಟಕಿ ಒಂದೇ ಸಾಲದು.

ಚಾರಣಕ್ಕೆ ಹೋಗುವ ಮಕ್ಕಳು ಒಯ್ಯುವ ಪುಟ್ಟ ಡಬ್ಬಿ ಗ್ಯಾಸ್ ನಮ್ಮ ಘಟ್ಟದ ಚಳಿಗೆ ಸಾಕು. ಹಿಮಾಲಯಕ್ಕೆ ಹೋಗುವವರು ಬರಿ ಬ್ಯೂಟೇನ್ ಇರುವ ಡಬ್ಬಿ ಕೊಳ್ಳಬೇಡಿ. ಸೊನ್ನೆ ಡಿಗ್ರಿಯ ಹತ್ತಿರ ಬ್ಯೂಟೇನ್ ಆವಿಯಾಗುವುದೇ ನಿಂತುಬಿಡುತ್ತದೆ, ಡಬ್ಬಿ ತುಂಬಿದ್ದರೂ ಉರಿ ಏಳುವುದಿಲ್ಲ. ಪ್ರೊಪೇನ್ ಬೆರೆಸಿದ್ದನ್ನು ಕೇಳಿ ತೆಗೆದುಕೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ಯಾವ ಒಲೆಯೇ ಆಗಲಿ, ಟೆಂಟಿನೊಳಗೆ, ಮುಚ್ಚಿದ ಕೋಣೆಯೊಳಗೆ ಹಚ್ಚಬೇಡಿ. ಚಳಿ ಅಂತ ಇದ್ದಿಲಿನ ಅಗ್ಗಿಷ್ಟಿಕೆ ಪಕ್ಕದಲ್ಲಿಟ್ಟು ಮಲಗುವುದಂತೂ ಬೇಡವೇ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದ ಹಾಗಾಗುತ್ತದೆ, ಎಚ್ಚರವೇ ಆಗುವುದಿಲ್ಲ. ನಾವು ಆ ವಾರವೆಲ್ಲ ಸ್ಟವ್ ಹಚ್ಚಿದ್ದು ಜಗಲಿಯಲ್ಲಿ. ಇರಚಲು ಹೊಡೆಯದ ಹಾಗೆ ಒಂದು ಹಲಗೆ ಅಡ್ಡ ಇಟ್ಟಿದ್ದೆವು, ಅಷ್ಟೇ.

ಎಣ್ಣೆ ಇದ್ದದ್ದು ಒಂದೂವರೆ ಲೀಟರ್. ಬಾವಿ ನೀರು ಕೆಂಪಗೆ ಕಲಕಿತ್ತು. ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕೊತಕೊತ ಅಂದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ ಕುಡಿಯುತ್ತಿದ್ದೆವು. ಅನ್ನಕ್ಕೆ ಅತ್ತೆಯದೇ ಒಂದು ಉಪಾಯ ಇತ್ತು. ಅಕ್ಕಿ ಚೆನ್ನಾಗಿ ಕುದಿ ಬಂದು ಐದು ನಿಮಿಷವಾದ ಕೂಡಲೇ ಸ್ಟವ್ ಆರಿಸಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಪಾತ್ರೆಯನ್ನು ದಪ್ಪ ಕಂಬಳಿಯಲ್ಲಿ ಸುತ್ತಿ ಮೂಲೆಯಲ್ಲಿ ಇಡುತ್ತಿದ್ದರು. ಮೊದಲ ದಿನ ನನಗೆ ನಂಬಿಕೆ ಬರಲಿಲ್ಲ, ನಡುವೆ ಬಿಚ್ಚಿ ನೋಡಲು ಹೋದೆ. "ಬಿಸಿ ಹೋಗುತ್ತೆ ಕಣೇ, ಮುಟ್ಟಬೇಡ" ಅಂತ ಕೈ ಹಿಡಿದರು. ಮುಕ್ಕಾಲು ಗಂಟೆ ಕಳೆದು ಕಂಬಳಿ ಬಿಚ್ಚಿದಾಗ ಅನ್ನ ಅಗುಳು ಅಗುಳಾಗಿ ಬೆಂದಿತ್ತು, ಹಬೆ ಇನ್ನೂ ಏಳುತ್ತಿತ್ತು.

ನಮಸ್ಕಾರ.